ಬಸ್ಸಿನಲ್ಲಿ ಸೈಕಲ್ಲಿಗೂ ಜಾಗವಿರಲಿ

ಬೇಲೂರಿಗೆ ರೈಲು ಇನ್ನೂ ಬಂದಿಲ್ಲ. ಅರಸೀಕೆರೆಯಲ್ಲೋ ಹಾಸನದಲ್ಲೋ ಇಳಿದವರಿಗೆ ಮುಂದೆ ಬಸ್ಸೇ ಗತಿ. ರೈಲಿನ ಲಗೇಜು ವ್ಯಾನಿನಲ್ಲಿ ಬಾಡಿಗೆ ತೆತ್ತು ತಂದ ಸೈಕಲ್ಲಿನ ಪ್ರಯಾಣ ಮಾತ್ರ ನಿಲ್ದಾಣದಲ್ಲೇ ಮುಗಿಯುತ್ತದೆ.

ಘಟ್ಟದ ಕಥೆಯೂ ಇದೇ. ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಹಾಸನ–ಮಂಗಳೂರು ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರಿನಲ್ಲಿ. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಗುಡ್ಡ ಕುಸಿದು ರೈಲು ಮತ್ತೆ ನಿಂತಿತು. ಅಂಥ ದಿನಗಳಲ್ಲಿ ಜನರನ್ನು ಬಸ್ಸು ಹೊರುತ್ತದೆ. ಸೈಕಲ್ಲನ್ನು ಹೊರುವವರು ಯಾರು?

ಹಿಂದೆ ಬಸ್ಸಿನ ಬೆನ್ನಿಗೆ ಏಣಿ, ನೆತ್ತಿಯ ಮೇಲೆ ಕ್ಯಾರಿಯರ್ ಇರುತ್ತಿತ್ತು. ಬಾಳೆಗೊನೆ, ಮೂಟೆಗಳೊಡನೆ ಸೈಕಲ್ಲೂ ಏರುತ್ತಿತ್ತು. ಈಗಿನ ಬಹುತೇಕ ಬಸ್ಸುಗಳಲ್ಲಿ ಅದಿಲ್ಲ.

2006–07ರಿಂದ ಹಲವು ವರ್ಷ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸಿತು. ಮಲೆನಾಡಿನ ಏರಿನಲ್ಲಿ ಅದನ್ನು ತಳ್ಳಿಕೊಂಡೇ ನಡೆಯಬೇಕು. ಏರನ್ನು ಬಸ್ಸು ದಾಟಿಸಿದರೆ, ಬಸ್ಸು ಹೋಗದ ಹಾದಿಯನ್ನು ಸೈಕಲ್ಲು ದಾಟಿಸೀತು. ಅಮೆರಿಕದ ಅನೇಕ ನಗರಗಳ ಬಸ್ಸುಗಳ ಮುಂಭಾಗದಲ್ಲಿ ಸೈಕಲ್ ನಿಲ್ಲಿಸುವ ಮಡಚುವ ಚೌಕಟ್ಟಿದೆ. ನಮ್ಮ ಘಟ್ಟದ ತಿರುವುಗಳಿಗೆ ಹಳೆಯ ಕ್ಯಾರಿಯರೇ ಸೂಕ್ತವಾದೀತು.

ಹಾಸನ, ಅರಸೀಕೆರೆಗಳಿಂದ ಬೇಲೂರಿಗೆ ಬರುವ ಕೆಲವು ಬಸ್ಸುಗಳಲ್ಲಾದರೂ ಅದನ್ನು ಅಳವಡಿಸಲಿ. ಸೈಕಲ್ಲಿನ ದರವನ್ನು ಬಸ್ಸಿನಲ್ಲೇ ಬರೆದು ಹಾಕಲಿ. ಗ್ರಾಮಸಭೆಗಳಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಯಿಸೋಣ.