ಒಂದೇ ಕೈಗೆ ಬಗ್ಗದ ಗಾಡಿ ಯಾರಿಗೆ ಆರಾಮ?

ಮಕ್ಕಳ ಗಾಡಿ ಮಾರುವ ಅಂಗಡಿಗಳ ನೆಲ ಕನ್ನಡಿಯಷ್ಟು ನುಣುಪು. ಅಲ್ಲಿ ಎಂಥ ಗಾಡಿಯಾದರೂ ಒಂದು ಬೆರಳಿನಿಂದ ನೂಕಿದರೆ ಸಾಕು, ತೇಲಿಕೊಂಡು ಹೋಗುತ್ತದೆ. ಸೇಲ್ಸ್‌ನ ಹುಡುಗ ಎರಡೂ ಕೈಯಿಂದ ಎರಡು ಗುಂಡಿ ಒತ್ತಿ, ಕಾಲಲ್ಲಿ ಒಂದು ಪಟ್ಟಿ ಮೆಟ್ಟಿ, ಸರಕ್ಕನೆ ಮಡಚಿ ತೋರಿಸುತ್ತಾನೆ. ಕೊಳ್ಳಲು ಬಂದ ದಂಪತಿ ತಲೆಯಾಡಿಸುತ್ತಾರೆ. ಈ ಪ್ರದರ್ಶನದಲ್ಲಿ ಮುಖ್ಯ ಪಾತ್ರವೇ ಇಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಅವನ ತೋಳಲ್ಲಿ ಮಗುವಿಲ್ಲ.

ಮನೆಯ ಮೆಟ್ಟಿಲ ಬುಡದಲ್ಲಿ ನಿಂತವಳ ಸ್ಥಿತಿ ಬೇರೆ. ಒಂದು ತೋಳಲ್ಲಿ 9 ಕಿಲೋ ತೂಗುವ ಮಗು, ಹೆಗಲಿಗೆ ಡೈಪರ್ ಚೀಲ, ಉಳಿದಿರುವುದು ಒಂದೇ ಕೈ. ಆ ಕೈಗೆ ಬಗ್ಗದ ಗಾಡಿಯಲ್ಲಿ ಎಷ್ಟು ಮೆತ್ತೆಯಿದ್ದರೇನು? ಕೊಳ್ಳುವ ಮುನ್ನ ‘ಮಗುವಿಗೆ ಹಿತವೇ’ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು: ಇನ್ನೊಬ್ಬರ ನೆರವಿಲ್ಲದೆ ಇದನ್ನು ಹೊರಗೆ ಒಯ್ದು ಮರಳಿ ತರಬಹುದೇ? ಇದಕ್ಕೆ ಉತ್ತರ ‘ಇಲ್ಲ’ ಎಂದಾದ ಗಾಡಿಗಳು ಕೊನೆಗೆ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹೊತ್ತುಕೊಂಡು ನಿಲ್ಲುತ್ತವೆ.

‘ಗಾಡಿ ಯಾಕೆ, ಎತ್ತಿಕೊಂಡರೆ ಆಗಲ್ವಾ? ನಿಮ್ಮನ್ನೆಲ್ಲ ಗಾಡೀಲಿ ಬೆಳೆಸಿದ್ವಾ?’ ಊರಿಂದ ಬರುವ ಫೋನಿನಲ್ಲಿ ಈ ಮಾತು ಬಂದೇ ಬರುತ್ತದೆ. ಮಾತಿನಲ್ಲಿ ಪ್ರೀತಿಯಿದೆ, ಆದರೆ ಲೆಕ್ಕ ತಪ್ಪಿದೆ. ಆ ಮಕ್ಕಳನ್ನು ಹೊತ್ತದ್ದು ಒಂದೇ ಸೊಂಟವಲ್ಲ. ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ಪಕ್ಕದ ಮನೆಯವರು, ಎಲ್ಲರೂ ಸರದಿಯಲ್ಲಿ ಹೊತ್ತರು. ಎಷ್ಟೋ ಮನೆಗಳಲ್ಲಿ ತಮ್ಮನನ್ನು ಎತ್ತಿಕೊಂಡು ತಿರುಗಿದವಳು ಶಾಲೆ ತಪ್ಪಿಸಿಕೊಂಡ ಎಂಟು ವರ್ಷದ ಅಕ್ಕ. ಅವಳ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅದಕ್ಕೇ ಹಳೆಯ ಪದ್ಧತಿ ಅಷ್ಟು ಸಲೀಸಾಗಿ ಕಾಣುತ್ತದೆ. ಬಾಣಂತನ ಮುಗಿಸಿ ಅಜ್ಜಿ ಧಾರವಾಡದ ರೈಲು ಹತ್ತಿದ ಮೇಲೆ ಠಾಣೆಯ ಎರಡು ಕೋಣೆಯ ಮನೆಯಲ್ಲಿ ಹಗಲಿಡೀ ಉಳಿಯುವುದು ಒಂದೇ ಜೋಡಿ ತೋಳು. ಅದೂ ಬಹಳ ಸಲ ಸಿಸೇರಿಯನ್ ಹೊಲಿಗೆ ಇನ್ನೂ ಮಾಯುತ್ತಿರುವ ಮೈಯದು. ಅವಳಿಗೆ ಗಾಡಿ ಶೋಕಿಯಲ್ಲ, ಹತ್ತಿರವಿಲ್ಲದ ಬಳಗದ ಬದಲಿ. ಅದು ಕೈಕೊಟ್ಟರೆ ಲಸಿಕೆಯ ದಿನವೊಂದನ್ನು ಬಿಟ್ಟು ಅವಳು ಹೊಸ್ತಿಲು ದಾಟುವುದೇ ಇಲ್ಲ.

ಮಕ್ಕಳ ಗಾಡಿಯ ಚರಿತ್ರೆಯಲ್ಲೂ ಇದೇ ಪ್ರಶ್ನೆ ಅಡಗಿದೆ. 1733ರಲ್ಲಿ ವಿಲಿಯಂ ಕೆಂಟ್ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆಂದು ಒಂದು ಗಾಡಿ ಮಾಡಿದ. ಅದನ್ನು ಎಳೆಯಲು ಮೇಕೆಯನ್ನೋ ಪುಟ್ಟ ಕುದುರೆಯನ್ನೋ ಕಟ್ಟಬೇಕಿತ್ತು. ಆಳುಕಾಳು ಇದ್ದ ಮನೆಗೆ ಅದರ ಭಾರದ ಚಿಂತೆ ಇರಲಿಲ್ಲ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಜೋಡಣೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಓವೆನ್ ಮೆಕ್ಲಾರೆನ್, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಕೊಡೆಯಂತೆ ಮಡಚುವ ಗಾಡಿ ರೂಪಿಸಿದ. ಅದರ ತೂಕ 3 ಕಿಲೋಗಿಂತ ಕಡಿಮೆ. ಆಳಿಲ್ಲದವರೂ ಮಗುವಿನೊಡನೆ ಊರು ಸುತ್ತಬಹುದು ಎಂಬುದು ಆ ಗಾಡಿ ತಂದ ಬದಲಾವಣೆ. ಇಂದು ‘ಪ್ರೀಮಿಯಂ’ ಹೆಸರಿನಲ್ಲಿ 12, 15 ಕಿಲೋ ತೂಗುವ ಗಾಡಿಗಳನ್ನು ಹೊಗಳಿ ಮಾರುವ ಪೇಟೆ ಮತ್ತೆ ಡ್ಯೂಕನ ಮನೆಗೇ ಮರಳಿದೆ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಅಂಥ ಗಾಡಿಯನ್ನೂ ಮಗುವನ್ನೂ ಒಟ್ಟಿಗೆ ಹೊತ್ತರೆ 20 ಕಿಲೋ ದಾಟುತ್ತದೆ. ಅಕ್ಕಿ ಮೂಟೆಯನ್ನಾದರೂ ಅಂಗಡಿಯವರು ಮನೆಗೆ ತಲುಪಿಸುತ್ತಾರೆ.

ಹಗುರವಾದದ್ದೆಲ್ಲ ಒಳ್ಳೆಯದು ಎಂದಲ್ಲ. ತೀರಾ ಪುಟ್ಟ ಚಕ್ರಗಳು ಕಾಂಕ್ರೀಟ್ ಇಟ್ಟಿಗೆಗಳ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ಕುತ್ತಿಗೆ ಗಟ್ಟಿಯಾಗದ ಮಗುವಿಗೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗುವ ಆಸನ ಬೇಕೇ ಬೇಕು. ಹೆಗಲು, ಸೊಂಟ, ತೊಡೆಯ ನಡುವೆ ಹಿಡಿಯುವ ಐದು ಪಟ್ಟಿಯ ಬೆಲ್ಟು, ಇಳಿಜಾರಿನಲ್ಲಿ ಜಾರದ ಬ್ರೇಕು, ಇವುಗಳಲ್ಲಿ ರಾಜಿ ಸಲ್ಲದು. ಇವೆಲ್ಲ ಇದ್ದೂ 6, 7 ಕಿಲೋ ಆಸುಪಾಸಿನ ಗಾಡಿಗಳು ಸಿಗುತ್ತವೆ. ಲೋಟ ಇಡುವ ತಟ್ಟೆ, ಫೋನ್ ಸಿಕ್ಕಿಸುವ ಕೊಕ್ಕೆ, ಕಾರಿನ ಬಣ್ಣಕ್ಕೆ ಹೊಂದುವ ಬಟ್ಟೆಗೆ ಕೊಡುವ ದುಡ್ಡನ್ನು ಚಕ್ರಕ್ಕೂ ಬ್ರೇಕಿಗೂ ಕೊಟ್ಟರೆ ಸಾರ್ಥಕ.

ಇಷ್ಟಾದರೂ ಗಾಡಿ ಗೇಟು ದಾಟಿದ ಕೂಡಲೇ ನಿಲ್ಲುತ್ತದೆ. ಅದು ಕಂಪನಿಯ ತಪ್ಪಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಪಾದಚಾರಿಗೆ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೀದಿಯಲ್ಲಿ ಕಾಣುವುದು ಮೊಣಕಾಲೆತ್ತರದ ಅಂಚು, ನಟ್ಟನಡುವೆ ಟ್ರಾನ್ಸ್‌ಫಾರ್ಮರ್, ಸಾಲಾಗಿ ನಿಂತ ಬೈಕುಗಳು. ಗಾಲಿಕುರ್ಚಿಯವರು ಇದನ್ನು ಹೇಳುತ್ತಲೇ ಬಂದಿದ್ದಾರೆ, ಕೇಳಿಸಿಕೊಂಡವರು ಕಡಿಮೆ.

ಕನ್ನಡದಲ್ಲಿ ‘ತಳ್ಳುಗಾಡಿ’ ಎಂದೊಡನೆ ನೆನಪಾಗುವುದು ತರಕಾರಿಯವರದು. ಜಾಗ ಕಡಿಮೆಯಾದಾಗ ಮೊದಲ ಬೈಗುಳವೂ ಅವರಿಗೇ. ಆದರೆ ಆ ಗಾಡಿಯೂ ಫುಟ್‌ಪಾತ್ ಹತ್ತಲಾರದೆ ಬಸ್ಸುಗಳ ಪಕ್ಕದಲ್ಲೇ ಜೀವ ಹಿಡಿದುಕೊಂಡು ಸಾಗುತ್ತದೆ. ಎರಡು ತಳ್ಳುಗಾಡಿಗಳ ಕಷ್ಟವೂ ಒಂದೇ. ಮಗುವಿನ ಗಾಡಿಯವರಿಗೆ ಮಾಲ್ ಎಂಬ ತಪ್ಪಿಸಿಕೊಳ್ಳುವ ದಾರಿಯಿದೆ, ಅಷ್ಟೇ ವ್ಯತ್ಯಾಸ. ಗಾಡಿಗಳೆಲ್ಲ ಮಾಲ್ ಸೇರಿದಷ್ಟೂ ಪಾಲಿಕೆಗೆ ನೆಮ್ಮದಿ. ಬೀದಿಯಲ್ಲಿ ಗಾಡಿ ಕಾಣದಿದ್ದರೆ ಬೀದಿ ಸರಿಯಿಲ್ಲ ಎನ್ನುವವರೂ ಕಾಣುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯ ಲಿಫ್ಟಿನ ಬಾಗಿಲನ್ನು ಟೇಪು ಹಿಡಿದು ಅಳೆಯಿರಿ. ಅಂಗಡಿಯಲ್ಲಿ ಮಗುವನ್ನು ಎತ್ತಿಕೊಂಡೇ ಗಾಡಿ ಮಡಚಿ ನೋಡಿ. ದಿನವೂ ತಳ್ಳುವವರು ಯಾರೋ ಅವರೇ ಮಡಚಲಿ, ಜೊತೆಯವರು ಕೈ ಕಟ್ಟಿ ನಿಲ್ಲಲಿ. ಆಗದಿದ್ದರೆ ಬಿಟ್ಟು ಬನ್ನಿ. ಆದರೆ ಕೊಂಡು ತನ್ನಿ, ಬೀದಿಗೇ ಇಳಿಸಿ. ಚಕ್ರ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿನ ಫೋಟೋ ತೆಗೆದು ವಾರ್ಡ್ ಕಚೇರಿಗೆ ದೂರು ಬರೆಯಿರಿ, ಉತ್ತರ ಬರದಿದ್ದರೆ ಮತ್ತೆ ಬರೆಯಿರಿ.