ಕೇಕಿನ ಮೇಲಿನ ಸಕ್ಕರೆ ಹೂವು

ಹೋದ ವೈಶಾಖದಲ್ಲಿ ನಮ್ಮ ಮನೆತನದ ಮದುವೆಯೊಂದರ ರಿಸೆಪ್ಷನ್ನಿಗೆ ಮೂರು ಅಂತಸ್ತಿನ ಕೇಕು ಬಂದಿತ್ತು. ಲಗ್ನದ ವಿಧಿಗಳೆಲ್ಲ ಶಾಸ್ತ್ರೋಕ್ತವಾಗಿಯೇ ನಡೆದಿದ್ದವು. ಕೇಕು ಮಾತ್ರ ಹುಡುಗರ ಹಟ. ಮೊಟ್ಟೆ ಇರಕೂಡದೆಂದು ಮೊದಲೇ ತಾಕೀತು ಮಾಡಿದ್ದೆವು. ಹೊತ್ತು ಮುಳುಗುವ ಮುಂಚೆ ಕತ್ತರಿಸಬೇಕೆಂಬ ಹಿರಿಯರ ಮಾತನ್ನೂ ಹುಡುಗರು ನಡೆಸಿಕೊಟ್ಟರು. ಕೇಕಿನ ಮೈತುಂಬ ಸಕ್ಕರೆಯ ಗುಲಾಬಿ, ಮಲ್ಲಿಗೆ ಮೊಗ್ಗು, ಅಂಚಿಗೆ ಜಾಲರಿ, ತುದಿಯಲ್ಲಿ ಜೋಡಿ ಹಂಸ. ದಳಗಳು ಎಷ್ಟು ತೆಳುವೆಂದರೆ ಬೆಳಕು ಅವುಗಳೊಳಗಿಂದ ಹಾಯುತ್ತಿತ್ತು. ಮೊಮ್ಮಗಳು ಒಂದು ಗುಲಾಬಿ ಮುರಿದು ಎಂಬತ್ತು ದಾಟಿದ ಆಯಿಯ ಕೈಗಿಟ್ಟಳು. ಆಯಿ ಸಂತೋಷದಿಂದ ಬಾಯಿಗೆ ಹಾಕಿಕೊಂಡರು.

ಮೂರು ದಿನ ಬಿಟ್ಟು ಬಾಕಿ ತೀರಿಸಲು ಹೋದಾಗ ಮಾತಿಗೆ ಮಾತು ಬಂದು ಸಂಗತಿ ತಿಳಿಯಿತು. ಕೇಕಿನಲ್ಲಿ ಮೊಟ್ಟೆ ಇರಲಿಲ್ಲ, ನಿಜ. ಆದರೆ ಹೂವಿನ ಕಣಕದಲ್ಲಿ ಜಿಲೆಟಿನ್ ಇತ್ತು, ಜಾಲರಿಯಲ್ಲಿ ಮೊಟ್ಟೆಯ ಬಿಳಿಭಾಗದ ಪುಡಿ ಇತ್ತು. "ನೀವು ಕೇಳಿದ್ದು ಕೇಕಿನ ಬಗ್ಗೆ, ಇದು ಡೆಕೋರೇಷನ್" ಎಂದರು ಬೇಕರಿಯವರು. ಅದನ್ನು ಮೋಸವೆಂದು ಹೇಳಲಾರೆವು. ಗಿರಾಕಿ ಕೇಳಿದಷ್ಟಕ್ಕೇ ಉತ್ತರ ಕೊಡುವ ರೂಢಿ ಅಂಗಡಿಯಲ್ಲಿ ಕೂತು ಬೆಳೆದ ನಮಗೂ ಗೊತ್ತಿಲ್ಲದ್ದಲ್ಲ.

ಆ ಮೇಲೆ ಈ ವಿದ್ಯೆಯನ್ನು ಸ್ವಲ್ಪ ವಿಚಾರಿಸಿ ನೋಡಿದೆವು. ಬರಿಯ ಸಕ್ಕರೆಪುಡಿ ನೀರು ಕುಡಿದರೆ ಅಂಟಾಗುತ್ತದೆಯೇ ಹೊರತು ಕಾಗದದಷ್ಟು ತೆಳುವಾಗಿ ಲಟ್ಟಿಸಲು ಬರುವುದಿಲ್ಲ. ಅದನ್ನು ಹಿಡಿದು ನಿಲ್ಲಿಸಲು ಒಂದು ಬಂಧಕ ಬೇಕು. ಯುರೋಪಿನವರಿಗೆ ಮೊಟ್ಟೆಯ ಬಿಳಿಯೂ, ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದ ಜಿಲೆಟಿನ್ನೂ ಸುಲಭವಾಗಿ ಕೈಗೆ ಸಿಕ್ಕ ಬಂಧಕಗಳು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆ ನಡೆದದ್ದು 1840ರ ಫೆಬ್ರವರಿ 10ರಂದು. ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಕಡೆದು ಮಾಡುವ ಲೇಪಕ್ಕೆ ರಾಯಲ್ ಐಸಿಂಗ್ ಎಂಬ ಹೆಸರನ್ನು ಆ ಮದುವೆಯೊಡನೆ ಸೇರಿಸಿ ಹೇಳುವುದು ವಾಡಿಕೆ. 1858ರಲ್ಲಿ ಆಕೆಯ ಹಿರಿಯ ಮಗಳ ಮದುವೆಯಲ್ಲಿ ತಳದ ಅಂತಸ್ತು ಮಾತ್ರ ಕೇಕು, ಮೇಲಿನದೆಲ್ಲ ಸಕ್ಕರೆಯ ಕಟ್ಟಡ! ಅರಮನೆಯವರೂ ತೋರಿಕೆಗೆ ಸೋತವರೇ.

ಆದರೆ ಅವರಲ್ಲೇ ಇನ್ನೊಂದು ದಾರಿಯೂ ಹಳೆಯದಾಗಿ ಇದೆ. ಟ್ರಾಗಕಾಂತ್ ಎಂಬ ಗೋಂದು; ಮುಳ್ಳುಗಿಡವೊಂದರ ಅಂಟು, ಇರಾನದ ಕಡೆಯದು. ನಮ್ಮ ಕಿರಾಣಿಯವರು ಬೇಸಿಗೆಯಲ್ಲಿ ತಂಪಿಗೆಂದು ಮಾರುವ ಗೋಂದ ಕತೀರಾ ಎಂದರೆ ಇದೇ. (ಕೆಲವೊಮ್ಮೆ ಅದೇ ಹೆಸರಿನಲ್ಲಿ ಕರಾಯಾ ಗೋಂದನ್ನೂ ಕೊಡುತ್ತಾರೆ, ಅದೂ ಮರದ್ದೇ.) 225 ಗ್ರಾಂ ಐಸಿಂಗ್ ಸಕ್ಕರೆಗೆ ಈ ಗೋಂದಿನ ನಯವಾದ ಪುಡಿ ಮೂರು ಟೀ ಚಮಚ, ತಣ್ಣೀರು ಸುಮಾರು 30 ಮಿಲಿ. ನಾದಿ, ಗಾಳಿಯಾಡದಂತೆ ಸುತ್ತಿ ಒಂದು ರಾತ್ರಿ ಇಡಬೇಕು. ಅವಸರ ಮಾಡಿದರೆ ಕಣಕ ಹರಿಯುತ್ತದೆ. ಮರುದಿನ ಕೈಗೆ ತುಸು ತುಪ್ಪ ಸವರಿ ಮತ್ತೆ ನಾದಿ, ಜೋಳದ ಗಂಜಿಪುಡಿ ಉದುರಿಸಿದ ಮಣೆಯ ಮೇಲೆ ಲಟ್ಟಿಸಿದರೆ ದಳ ತೆಗೆಯಲು ಬರುತ್ತದೆ. ದಳದ ಅಂಚನ್ನು ಗುಂಡುತುದಿಯ ಕಡ್ಡಿಯಿಂದ ಒತ್ತಿದರೆ ತಾನೇ ಅಲೆಯಾಗಿ ಏಳುತ್ತದೆ. ಚಮಚದ ಕುಳಿಯಲ್ಲಿಟ್ಟು ಒಣಗಿಸಿದರೆ ಬಾಗು ಬರುತ್ತದೆ. ಒಣಗಿದ ಹೂವನ್ನು ಫ್ರಿಜ್ಜಿನಲ್ಲಿಡಬೇಡಿ. ಹೊರತೆಗೆದ ಕೂಡಲೇ ಬೆವರಿ ಜೋಲುತ್ತದೆ.

ಜಾಲರಿಗೂ ಮೊಟ್ಟೆ ಅನಿವಾರ್ಯವಲ್ಲ. ಪುಣೆಯ ಪ್ರಾಚಿ ಧಬಲ್ ದೇಬ್ ಅವರು ಮೊಟ್ಟೆಯಿಲ್ಲದ ರಾಯಲ್ ಐಸಿಂಗಿನಿಂದಲೇ ಗೋಪುರ, ಕಮಾನುಗಳನ್ನು ಎಬ್ಬಿಸಿ ಹೊರದೇಶಗಳಲ್ಲೂ ಹೆಸರಾಗಿದ್ದಾರೆ. ನಮ್ಮ ಸೋಲಾಪುರ, ಜತ್ತ, ಅಕ್ಕಲಕೋಟೆ ಸೀಮೆಯ ಹೆಣ್ಣುಮಕ್ಕಳಿಗೆ ಇದರಲ್ಲಿ ಆಶ್ಚರ್ಯವೇನೂ ಇರಬಾರದು. ಮೊದಲ ಸಂಕ್ರಾಂತಿಗೆ ಹೊಸ ಸೊಸೆಗೆ ತೊಡಿಸುವ ಹಲವ್ಯಾದ ದಾಗಿನಗಳು ಎಳ್ಳಿಗೆ ಹನಿಹನಿಯಾಗಿ ಪಾಕ ಉಣಿಸಿ, ಬೆಚ್ಚನೆಯ ತಾಟಿನಲ್ಲಿ ಬೆರಳಾಡಿಸಿ ಮುಳ್ಳೆಬ್ಬಿಸಿದವು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯೂ ಹಾಗೆಯೇ: ಹಾಲು ಹಾಕಿ ಕೊಳೆ ತೆಗೆದ ಪಾಕ, ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚು, ಮುಗಿಯಿತು. ಅಲ್ಲಿ ಸಕ್ಕರೆಯೇ ಹರಳುಗಟ್ಟಿ ತನ್ನನ್ನು ತಾನು ಹಿಡಿದುಕೊಳ್ಳುತ್ತದೆ.

ಕೊಳ್ಳುವವರು ಒಂದು ಮಾತು ಗಮನಿಸಬೇಕು. ಹಸಿರು ಗುರುತು ನೋಡಿ ನಿಶ್ಚಿಂತರಾಗುವವರು ನಮ್ಮಲ್ಲಿ ಬಹಳ. ಮೊಟ್ಟೆ, ಜಿಲೆಟಿನ್ ಇದ್ದರೆ ಆ ಗುರುತು ಹಾಕುವಂತಿಲ್ಲ, ಸರಿಯೇ. ಆದರೆ 2020ರ ಲೇಬಲ್ ನಿಯಮಗಳಲ್ಲಿ ಹಾಲಿಗೆ ಇರುವ ವಿನಾಯಿತಿ ಜೇನು, ಜೇನುಮೇಣ, ಅರಗು ಇವಕ್ಕೂ ಇದೆ. ಸಕ್ಕರೆ ಮಣಿಗಳಿಗೆ ಹೊಳಪು ಕೊಡಲು ಅರಗು ಬಳಸುವುದುಂಟು. ಡಬ್ಬಿಯ ಮೇಲೆ 904 ಎಂಬ ಅಂಕೆ ಕಂಡರೆ ಅದೇ. ಮದ್ಯ, ಮಾಂಸಗಳೊಂದಿಗೆ ಮಧುವನ್ನೂ ಬಿಡುವುದು ಶ್ರಾವಕನ ಮೂಲಗುಣವಾಗಿರುವಾಗ ಸರಕಾರದ ಹಸಿರು ಚುಕ್ಕೆ ನಮ್ಮ ನಿಯಮದ ಅಳತೆಗೋಲಾಗದು. ಇನ್ನು ಹೇಳಿ ಮಾಡಿಸಿದ ಕೇಕಿಗೆ ಹೆಚ್ಚಾಗಿ ಲೇಬಲ್ಲೇ ಇರುವುದಿಲ್ಲ. ಹೂವು, ಜಾಲರಿ, ಹೊಳಪು, ಬಣ್ಣ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು.

ಆಯಿಗೆ ಹೇಳುವುದೋ ಬಿಡುವುದೋ ಎಂದು ಮನೆಯಲ್ಲಿ ಎರಡು ದಿನ ಜಗ್ಗಾಟವಾಯಿತು. ತಿಳಿಯದೆ ಆದದ್ದು, ಈ ವಯಸ್ಸಿನಲ್ಲಿ ಯಾಕೆ ನೋಯಿಸಬೇಕು ಎಂದರು ಕೆಲವರು. ಕೊನೆಗೆ ಹೂವು ಕೊಟ್ಟ ಮೊಮ್ಮಗಳೇ ಹೇಳಿಬಿಟ್ಟಳು. ಆಯಿ ಸಿಟ್ಟಾಗಲಿಲ್ಲ. ಮಂದಿರಕ್ಕೆ ಹೋಗಿ ಬಂದು, ದೀಪಾವಳಿಯ ನಿರ್ವಾಣ ಪೂಜೆಯವರೆಗೆ ಸಕ್ಕರೆ ರಸದ ತ್ಯಾಗ ಎಂದರು. ಅಳುತ್ತ ಕೂತ ಹುಡುಗಿಗೆ, "ಹೂವಿನ ಮಾತು ಇರಲವ್ವಾ. ಆ ಹಂಸಗೋಳ್ನ ಚಾಕು ಹಾಕಿ ಕಡದ್ರಲ್ಲ, ಅದು ನಿಮಗ ಯಾರಿಗೂ ಕಾಣಲಿಲ್ಲೇನು?" ಎಂದರು.

ನಾವು ಸುಮ್ಮನಾದೆವು. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟು ಜನ್ಮಜನ್ಮ ತೊಳಲಿದ ಯಶೋಧರನ ಕಥೆಯನ್ನು ಜನ್ನ ಕವಿ ಕನ್ನಡದಲ್ಲಿ ಬರೆದದ್ದು 1209ರಲ್ಲಿ. ಪ್ರವಚನದಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಹಂಸ ಬೇಕೆಂದು ಆರ್ಡರ್ ಕೊಟ್ಟವರೂ ನಾವೇ.

ಮಾರ್ಗಶಿರದಲ್ಲಿ ಮನೆಯಲ್ಲಿ ಇನ್ನೊಂದು ಮದುವೆ ಇದೆ. ಮೊಮ್ಮಗಳು ಕತೀರಾ ಪುಡಿ ಮಾಡಿ ಶ್ರಾವಣದಲ್ಲೇ ಹೂವು ಕಲಿಯಲು ಕೂತಳು. ಮೊದಲ ಸಲದ್ದೆಲ್ಲ ಮಳೆಯ ಥಂಡಿಗೆ ಮೆತ್ತಗಾಗಿ ತಾಟಿಗಂಟಿದವು. ಎರಡನೆಯ ಸಲ ಡಬ್ಬಿಯಲ್ಲಿ ಅಕ್ಕಿಯ ಗಂಟು ಇಟ್ಟು ಮುಚ್ಚಿದಳು; ಹನ್ನೊಂದು ಮಲ್ಲಿಗೆ ನಿಂತವು. ದಳ ಲಟ್ಟಿಸಿಕೊಟ್ಟವರು ಆಯಿ. ಸಿಹಿ ಸರಿಯಾಗಿದೆಯೇ ನೋಡಿ ಎಂದರೆ, ದೀಪಾವಳಿ ಆಗಲಿ ಎಂದು ಕೈ ಝಾಡಿಸಿಕೊಂಡು ಎದ್ದರು.