ಮಾಡಿದವರು ಯಾರು ಎಂದು ಕೇಳಿ ಕೊಳ್ಳಿ

ವಿದೇಶ ಸುತ್ತಿ ಬಂದವರನ್ನು ನಾವು ಮೊದಲು ಕೇಳುವುದು ಏನೇನು ನೋಡಿದಿರಿ ಎಂದು. ಏನು ತಂದಿರಿ ಎಂಬುದು ಆಮೇಲಿನ, ತುಸು ಸಣ್ಣತನದ ಪ್ರಶ್ನೆ. ಚರ್ಚು, ಗೋಪುರ, ವಸ್ತುಸಂಗ್ರಹಾಲಯ ನೋಡಿದವರು ಅಭಿರುಚಿಯುಳ್ಳವರು, ಅಂಗಡಿ ಸುತ್ತಿದವರು ದುಡ್ಡು ಹೆಚ್ಚಾದವರು ಎಂದು ನಮ್ಮ ಎಣಿಕೆ. ಸಾಗರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಈ ಮಾತು ಎಂದೂ ರುಚಿಸಿದ್ದಿಲ್ಲ. ಇಟಲಿಯ ಸಣ್ಣ ಊರುಗಳನ್ನು ಕಂಡ ಮೇಲಂತೂ ಇದು ತಪ್ಪು ಲೆಕ್ಕ ಎಂದು ಖಾತ್ರಿಯಾಗಿದೆ. ಅಲ್ಲಿ ಬಂದವರು ಏನು ಕೊಳ್ಳುತ್ತಾರೆ, ಯಾರ ಕೈಯಿಂದ ಕೊಳ್ಳುತ್ತಾರೆ ಎನ್ನುವುದರ ಮೇಲೆ ಊರಿನ ಬಾಳ್ವೆಯೇ ನಿಂತಿದೆ.

ಫ್ಲಾರೆನ್ಸಿನಲ್ಲಿ ಓದುತ್ತಿರುವ ಮಗಳು ಕಳೆದ ಅಕ್ಟೋಬರಿನಲ್ಲಿ ಬಾಡಿಗೆ ಕಾರು ಹಿಡಿದು ಟಸ್ಕನಿಯ ಎರಡು ಗುಡ್ಡದೂರುಗಳನ್ನು ತೋರಿಸಿದಳು. ಬೆಳಿಗ್ಗೆ ವೊಲ್ತೆರ್ರಾ, ಸಂಜೆ ಸಾನ್ ಜಿಮಿನ್ಯಾನೊ. ನಡುವೆ ಸುಮಾರು 30 ಕಿ.ಮೀ. ದಾರಿ. ಎರಡೂ ಕಡೆ ಹೊರಗಿನವರ ಕಾರು ಕೋಟೆಗೋಡೆಯ ಆಚೆಯೇ ನಿಲ್ಲಬೇಕು. ಫಲಕ ನೋಡದೆ ಒಳಗೆ ನುಗ್ಗಿದರೆ ಕ್ಯಾಮೆರಾ ನಂಬರು ಹಿಡಿಯುತ್ತದೆ, ದಂಡದ ನೋಟಿಸು ಮನೆಬಾಗಿಲಿಗೆ ಬರುತ್ತದೆ.

ವೊಲ್ತೆರ್ರಾ ರೋಮನ್ನರಿಗಿಂತ ಮೊದಲಿನ ಎಟ್ರುಸ್ಕನ್ನರು ಕಟ್ಟಿದ ಊರು. ಅವರ ಕಾಲದ ಒಂದು ಕಲ್ಲಿನ ಹೆಬ್ಬಾಗಿಲು ಇಂದಿಗೂ ಇದೆ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದನ್ನು ಸಿಡಿಸಿ ದಾರಿ ಮುಚ್ಚಲು ಹೊರಟಿತ್ತು. ಊರಿನವರು ಬೀದಿಯ ಹಾಸುಗಲ್ಲುಗಳನ್ನೇ ಕಿತ್ತು ತಂದು, ಒಂದೇ ದಿನದಲ್ಲಿ ಬಾಗಿಲನ್ನು ತುಂಬಿಸಿ, ತಾವೇ ದಾರಿ ಮುಚ್ಚಿ ಅದನ್ನು ಉಳಿಸಿಕೊಂಡರು. ಆ ಬಾಗಿಲಿನಿಂದ ಮೇಲೇರುವ ಕಿರುಬೀದಿಯಲ್ಲಿ ಅಲಬಾಸ್ಟರ್ ಕೆಲಸದವರ ಅಂಗಡಿಗಳಿವೆ.

ಅಲಬಾಸ್ಟರ್ ಜಿಪ್ಸಂ ಜಾತಿಯ ಮೆದುಗಲ್ಲು. ಉಗುರಿನಿಂದ ಕೆರೆದರೂ ಗೀರು ಬೀಳುತ್ತದೆ. ನಾವು ಹೊಕ್ಕ ಅಂಗಡಿಯ ಹಿಂಭಾಗದಲ್ಲೇ ಕೆಲಸದ ಕೋಣೆ. ಕಿಟಕಿಯ ಗಾಜು, ಗೋಡೆಗೆ ತೂಗಿದ ಉಳಿಗಳು, ರೇಡಿಯೊ, ಕೆಲಸಗಾರನ ಹುಬ್ಬು ಎಲ್ಲದರ ಮೇಲೂ ಬಿಳಿ ಧೂಳು. ತಿರುಗುವ ಯಂತ್ರಕ್ಕೆ ಬಟ್ಟಲೊಂದನ್ನು ಕಚ್ಚಿಸಿ ಆತ ಒಳಗಿನಿಂದ ಕೊರೆಯುತ್ತಿದ್ದ. ಆಗಾಗ ಯಂತ್ರ ನಿಲ್ಲಿಸಿ ಅಂಚನ್ನು ಬೆರಳಿನಿಂದ ತಡವಿ ದಪ್ಪ ನೋಡುತ್ತಿದ್ದ. ಸಾಕೆನಿಸಿದ ಮೇಲೆ ಬಟ್ಟಲನ್ನು ಬಲ್ಬಿನ ಮುಂದೆ ಹಿಡಿದ. ಕಲ್ಲಿನ ಮೈಯೆಲ್ಲ ಬೆಳಕಾಗಿ ಒಳಗಿನ ಕಂದು ನರಗಳು ಎದ್ದು ಕಂಡವು. ನರ ಇರುವಲ್ಲಿ ಕಲ್ಲು ಸೀಳುವ ಭಯವಂತೆ, ಅಲ್ಲಿ ಕೈ ಹಗುರ ಮಾಡಬೇಕಂತೆ. ನಮ್ಮೂರಿನ ಗುಡಿಗಾರರು ಶ್ರೀಗಂಧದ ಕೊರಡನ್ನು ತಿರುಗಿಸಿ ತಿರುಗಿಸಿ ನೋಡಿ ಉಳಿ ಇಡುವುದೂ ಹೀಗೆಯೇ.

ಅಂಥದ್ದೇ ಒಂದು ಸಣ್ಣ ಬಟ್ಟಲಿಗೆ 38 ಯೂರೋ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಮೇಲಿನ ಚೌಕದ ಅಂಗಡಿಯೊಂದರಲ್ಲಿ ನೋಡಲು ಅದೇ ಬಗೆಯ ಬಟ್ಟಲು 9 ಯೂರೋ. ಎತ್ತಿಕೊಂಡರೆ ಹಗುರ, ತಳದಲ್ಲಿ ಅಚ್ಚಿನ ಕೂಡುಗೆರೆ. ಅದು ರಾಳ ಎರೆದು ತೆಗೆದದ್ದು. ಎಲ್ಲಿಂದ ಬಂತು ಎಂದರೆ ಮಾರುವ ಹುಡುಗನಿಗೂ ಗೊತ್ತಿಲ್ಲ.

ಆಮೇಲೆ ಗ್ವಾರ್ನಾಚ್ಚಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1761ರಲ್ಲಿ ಮಾರಿಯೊ ಗ್ವಾರ್ನಾಚ್ಚಿ ಎಂಬಾತ ತನ್ನ ಸಂಗ್ರಹವನ್ನು ಊರಿಗೇ ಕೊಟ್ಟಿದ್ದರಿಂದ ಆದದ್ದು. ಸತ್ತವರ ಬೂದಿ ಇಡುವ ಎಟ್ರುಸ್ಕನ್ ಪೆಟ್ಟಿಗೆಗಳು 600ಕ್ಕೂ ಹೆಚ್ಚು ಅಲ್ಲಿವೆ. ಎಷ್ಟೋ ಪೆಟ್ಟಿಗೆಗಳು ಇದೇ ಅಲಬಾಸ್ಟರಿನವು. ಮುಚ್ಚಳದ ಮೇಲೆ ಸತ್ತವರು ಔತಣಕ್ಕೆ ಒರಗಿ ಕುಳಿತಂತೆ ಕಡೆದಿದ್ದಾರೆ. ಬೆಳಿಗ್ಗೆ ಆ ಕೋಣೆಗೆ ಹೋಗಿರದಿದ್ದರೆ ನಾನು ಇವನ್ನು ಸಾಲಾಗಿ ನೋಡಿ ದಾಟಿಬಿಡುತ್ತಿದ್ದೆ. ಈಗ ಉಳಿ ಎಲ್ಲಿ ಆಳಕ್ಕೆ ಇಳಿದಿದೆ, ಎಲ್ಲಿ ಕೈ ಹಗುರವಾಗಿದೆ ಎಂದು ಹುಡುಕುತ್ತ ನಿಂತೆ. ವ್ಯಾಪಾರದಿಂದ ನೋಟ ಕೆಡುತ್ತದೆ ಎನ್ನುವವರಿಗೆ ನನ್ನ ಉತ್ತರ ಇದು.

ಮಧ್ಯಾಹ್ನ ಒಂದರ ಹೊತ್ತಿಗೆ ಹಲವು ಅಂಗಡಿಗಳ ಬಾಗಿಲು ಬಿತ್ತು. ಇನ್ನು ತೆರೆಯುವುದು ಮೂರೂವರೆ, ನಾಲ್ಕಕ್ಕೆ. ನಮ್ಮ ಪ್ರವಾಸಿಗರಿಗೆ ಇದರ ಮೇಲೆ ಬಲು ಸಿಟ್ಟು. ಇವರಿಗೆ ವ್ಯಾಪಾರವೇ ಬೇಡ ಎಂದು ಬೈಯುತ್ತಾರೆ. ನನ್ನ ತಂದೆಯ ಅಂಗಡಿಗೂ ಊಟದ ಹೊತ್ತಿಗೆ ಬೀಗ ಬೀಳುತ್ತಿತ್ತು, ಗಿರಾಕಿಗಳು ಕಾಯುತ್ತಿದ್ದರು. ಅಂಗಡಿಯವನು ಮನೆಗೆ ಹೋಗಿ ಉಣ್ಣುತ್ತಾನೆ ಎಂದರೆ ಅವನ ಮನೆ ಅದೇ ಊರಿನಲ್ಲಿದೆ ಎಂದರ್ಥ. ಹಗಲಿಡೀ ತೆರೆದೇ ಇರುವ ಬೀದಿ ಪ್ರವಾಸಿಗರಿಗಾಗಿಯೇ ಇರುವ ಬೀದಿ.

ಅಂಥ ಬೀದಿಯನ್ನು ಸಾನ್ ಜಿಮಿನ್ಯಾನೊದಲ್ಲಿ ಕಂಡೆ. ರೋಮಿಗೆ ಹೋಗುವ ಯಾತ್ರಿಕರ ದಾರಿಯಲ್ಲಿ ಬೆಳೆದು, ದುಡ್ಡು ಕಂಡು, ಶ್ರೀಮಂತ ಮನೆತನಗಳು ಪೈಪೋಟಿಗೆ ಬಿದ್ದು 72 ಗೋಪುರಗಳನ್ನು ಎಬ್ಬಿಸಿದವಂತೆ. ಈಗ 14 ಉಳಿದಿವೆ; ಅತಿ ಎತ್ತರದ್ದು 54 ಮೀಟರ್. 1348ರ ಪ್ಲೇಗಿನಲ್ಲಿ ಊರು ಕುಗ್ಗಿತು. ಹೊಸದು ಕಟ್ಟಲು ಕಾಸಿಲ್ಲದ್ದರಿಂದ ಹಳೆಯದು ಉಳಿಯಿತು. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಗೋಪುರಗಳು ಚೆಂದವೇ. ಆದರೆ ಮುಖ್ಯ ಬೀದಿಯಲ್ಲಿ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು, ಏಪ್ರನ್ನು, ಚರ್ಮದ ಚೀಲ, ಮತ್ತೆ ಮ್ಯಾಗ್ನೆಟ್ಟು. ಒಂದು ಗುಂಡುಸೂಜಿಯೋ ಬಲ್ಬೋ ಬೇಕೆಂದರೆ ಸಿಗುವ ಅಂಗಡಿ ನನ್ನ ಕಣ್ಣಿಗೆ ಬೀಳಲಿಲ್ಲ. ಸಂಜೆ ಟೂರ್ ಬಸ್ಸುಗಳು ಹೊರಟ ಮೇಲೆ ಬೀದಿಯೇ ಬರಿದು.

ಅಲ್ಲೂ ಹುಡುಕಿದರೆ ಊರಿನ ಮಾಲು ಸಿಗುತ್ತದೆ. ಸುತ್ತಲಿನ ಹೊಲಗಳಲ್ಲಿ ಕೇಸರಿ ಬೆಳೆಯುತ್ತಾರೆ. 13ನೇ ಶತಮಾನದಲ್ಲಿ ಈ ಊರು ಕೇಸರಿ ಕೊಟ್ಟು ಸಾಲ ತೀರಿಸಿದ್ದುಂಟು. ಊರಿನ ಹೆಸರಿನ ರಕ್ಷಿತ ಮುದ್ರೆಯಿರುವ ಕೇಸರಿಯನ್ನು ಪುಡಿ ಮಾಡದೆ ಎಸಳಾಗಿಯೇ ಮಾರುತ್ತಾರೆ. ಚಿಟಿಕೆಯಷ್ಟು ಕೇಸರಿಯ ಪುಟ್ಟ ಡಬ್ಬಿ ಕೊಂಡರೆ ಆ ಹಣ ಅಲ್ಲಿನ ರೈತನಿಗೆ ಹೋಗುತ್ತದೆ, ಮ್ಯಾಗ್ನೆಟ್ಟಿನ ಹಣ ಎಲ್ಲಿಗೋ.

ಎಲ್ಲರ ಜೇಬಿನಲ್ಲೂ ಅಷ್ಟು ಯೂರೋ ಇರುವುದಿಲ್ಲ ಎನ್ನುವುದು ನಿಜ. ಐದು ದೇಶ ಒಂದೇ ವಾರದಲ್ಲಿ ತೋರಿಸುವ ಟೂರಿನವರು ಒಂದೂರಿಗೆ ಎರಡು ಗಂಟೆಗಿಂತ ಹೆಚ್ಚು ಕೊಡುವುದೂ ಇಲ್ಲ. ಆದರೆ ಹತ್ತು ಮ್ಯಾಗ್ನೆಟ್ಟಿನ ದುಡ್ಡಿಗೆ ಒಂದು ನಿಜವಾದ ವಸ್ತು ಬರುತ್ತದೆ. ಅದೂ ಬೇಡವೆಂದರೆ ಊರಿನವರು ನಿಂತು ಕುಡಿಯುವ ಕೌಂಟರಿನಲ್ಲೇ ಕಾಫಿ ಕುಡಿಯಿರಿ. ಮೇಜಿಗೆ ಕುಳಿತರೆ ದರ ಬೇರೆ. 2024ರ ಫೆಬ್ರವರಿಯಿಂದ ನಮ್ಮಂಥ ಹೊರದೇಶದವರು ಒಂದು ಅಂಗಡಿಯಲ್ಲಿ 70 ಯೂರೋ ಮೀರಿ ಕೊಂಡರೆ ತೆರಿಗೆಯ ಒಂದು ಪಾಲು ವಾಪಸು ಕೇಳಬಹುದು. ಹಿಂದೆ ಈ ಮಿತಿ 155 ಯೂರೋ ಹತ್ತಿರ ಇತ್ತು. ನಾಲ್ಕು ಕಡೆ ಚಿಲ್ಲರೆ ಕೊಳ್ಳುವ ಬದಲು ಮನೆಮಂದಿ ಸೇರಿ ಒಬ್ಬ ಕುಶಲಕರ್ಮಿಯ ಹತ್ತಿರ ಕೊಳ್ಳಲು ಇದು ಒಳ್ಳೆಯ ನೆಪ.

ನಮ್ಮೂರ ಪಕ್ಕದ ಇಕ್ಕೇರಿಗೆ 1623ರಲ್ಲಿ ಇಟಲಿಯವನೊಬ್ಬ ಬಂದಿದ್ದ, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಬಂದವನು, ದಾರಿಯಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬರೆದು ಪಾಠ ಕಲಿಯುವುದನ್ನು, ಇಕ್ಕೇರಿಯ ಹೆಂಗಸರು ಕೋಲು ಹಿಡಿದು ಕುಣಿಯುವುದನ್ನು ನಿಂತು ನೋಡಿ ಬರೆದಿಟ್ಟ. ಕೆಳದಿ ಅರಸರ ಕಾಲದ ನಿತ್ಯದ ಬದುಕಿನ ಎಷ್ಟೋ ವಿವರ ನಮಗೆ ಸಿಕ್ಕಿರುವುದು ಆತ ಅವಸರ ಮಾಡದ್ದರಿಂದ. ಅವನೂರಿನ ಕಡೆಗೆ ಈಗ ಹೋಗುತ್ತಿರುವ ನಾವು ಅಷ್ಟಾದರೂ ವ್ಯವಧಾನ ತೋರಬೇಡವೇ?

ಹಾಗಾಗಿ ಇಟಲಿಗೆ ಹೊರಟವರಿಗೆ ನನ್ನ ಮಾತು ಇಷ್ಟೇ. ಪಟ್ಟಿಯಿಂದ ಒಂದು ದೊಡ್ಡ ನಗರ ತೆಗೆದು ಒಂದು ಸಣ್ಣ ಊರಿಗೆ ಇಡೀ ದಿನ ಕೊಡಿ. ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ತಂಗಿ. ಅಂಗಡಿಗೆ ಕಾಲಿಟ್ಟಾಗ ನಮಸ್ಕಾರ ಹೇಳಿ, ಕೇಳದೆ ಏನನ್ನೂ ಮುಟ್ಟಬೇಡಿ. ಬೆಲೆ ಕೇಳುವ ಮೊದಲು ಇದನ್ನು ಮಾಡಿದವರು ಯಾರು ಎಂದು ಕೇಳಿ. ಉತ್ತರ ಬಾರದ ಅಂಗಡಿಯಲ್ಲಿ ಕಾಸು ಬಿಚ್ಚಬೇಡಿ.